ಸಾಲ ಕೊಡದ, ಲೆಕ್ಕ ಕೇಳುವ ಕೂಟ

ಅಮೆರಿಕದ ಅನೇಕ ಚರ್ಚುಗಳಲ್ಲಿ ವಾರಕ್ಕೊಂದು ಸಂಜೆ ಕೆಲವರು ಕಲೆತು ತಮ್ಮ ಸಾಲದ ಬಗ್ಗೆ ಬಾಯಿಬಿಟ್ಟು ಮಾತಾಡುತ್ತಾರೆ. ನಮ್ಮ ಸ್ವಸಹಾಯ ಸಂಘಗಳನ್ನು ಕಂಡವರು ಒಂದು ವ್ಯತ್ಯಾಸ ಗಮನಿಸಬೇಕು. ಈ ಕೂಟ ಸಾಲ ಕೊಡುವುದಿಲ್ಲ, ಜಾಮೀನಿಗೂ ನಿಲ್ಲುವುದಿಲ್ಲ. ಲೆಕ್ಕ ಕೇಳುತ್ತದೆ, ಅಷ್ಟೇ.

ಪದ್ಧತಿ ಹಳೆಯದು. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಕ್ರೈಸ್ತ ಬೋಧಕ ಜಾನ್ ವೆಸ್ಲಿಯ ಅನುಯಾಯಿಗಳಾದ ಮೆಥಡಿಸ್ಟರ ತಲೆಯ ಮೇಲೆ ಪ್ರಾರ್ಥನಾ ಮಂದಿರ ಕಟ್ಟಿದ ಸಾಲವಿತ್ತು. ತಲೆಗೆ ವಾರಕ್ಕೊಂದು ಪೆನ್ನಿಯಂತೆ ಎತ್ತುವುದು, ಸುಮಾರು ಹನ್ನೆರಡು ಮಂದಿಗೆ ಒಬ್ಬ ಮುಖಂಡ, ಕೊಡಲಾಗದವರ ಪಾಲನ್ನು ಅವನೇ ತುಂಬುವುದು ಎಂದು ಗೊತ್ತಾಯಿತು. ಕಾಸಿಗೆಂದು ಮನೆಮನೆಗೆ ಹೋದವರ ಕಣ್ಣಿಗೆ ಅಲ್ಲಿನ ಕುಡಿತ, ಜಗಳಗಳೂ ಬಿದ್ದವು. ವಾರವಾರ ನಡತೆ ವಿಚಾರಿಸಿಕೊಳ್ಳುವ ‘ಕ್ಲಾಸ್ ಮೀಟಿಂಗ್’ ಹುಟ್ಟಿದ್ದು ಹೀಗೆ.

ಇಂಥ ಕೂಟಗಳಲ್ಲಿ ಇಂದು ಹೆಸರಾಗಿರುವುದು ಅಮೆರಿಕದ ಹಣಕಾಸು ಸಲಹೆಗಾರ ಡೇವ್ ರಾಮ್ಸೆ 1994ರಲ್ಲಿ ಶುರುಮಾಡಿದ ‘ಫೈನಾನ್ಷಿಯಲ್ ಪೀಸ್ ಯೂನಿವರ್ಸಿಟಿ’. ಹೆಸರಿಗೆ ಯೂನಿವರ್ಸಿಟಿ, ಇರುವುದು ಒಂಬತ್ತು ಪಾಠ. ವಿಡಿಯೊ ನೋಡುತ್ತಾರೆ, ಆಮೇಲೆ ಚರ್ಚೆ. ಮೊದಲು ತುರ್ತಿಗೆಂದು 1,000 ಡಾಲರ್ ಎತ್ತಿಡಬೇಕು. ನಂತರ ಮನೆಸಾಲ ಬಿಟ್ಟು ಉಳಿದವನ್ನು ಚಿಕ್ಕದರಿಂದ ದೊಡ್ಡದಕ್ಕೆ ಬರೆಯಬೇಕು. ಆಸ್ಪತ್ರೆ ಬಿಲ್ಲು 400, ಕ್ರೆಡಿಟ್ ಕಾರ್ಡು 3,000, ಕಾರು 9,000 ಎಂದಿಟ್ಟುಕೊಳ್ಳಿ. ಎಲ್ಲಕ್ಕೂ ಕನಿಷ್ಠ ಕಂತು ಕಟ್ಟಿ, ಮಿಕ್ಕಿದ್ದನ್ನೆಲ್ಲ ಆ 400ಕ್ಕೆ ಸುರಿಯುವುದು. ಅದು ತೀರಿದರೆ ಅದರ ಕಂತೂ ಸೇರಿ ಕಾರ್ಡಿಗೆ. ಬಡ್ಡಿ ಜಾಸ್ತಿಯಿರುವುದನ್ನೇ ಮೊದಲು ತೀರಿಸಿದರೆ ಲಾಭವಲ್ಲವೇ? ಲೆಕ್ಕದಲ್ಲಿ ಹೌದು. ಆದರೆ ಪಟ್ಟಿಯಿಂದ ಒಂದು ಸಾಲ ಹೊಡೆದುಹಾಕಿದವನು ಮುಂದಿನ ವಾರ ಹುಮ್ಮಸ್ಸಿನಿಂದ ಬರುತ್ತಾನೆ. ಬಡ್ಡಿಯ ಅಂತರ ತೀರಾ ದೊಡ್ಡದಿದ್ದರೆ ಮಾತ್ರ ದುಬಾರಿ ಸಾಲವನ್ನೇ ಮೊದಲು ಮುಗಿಸಿ ಎನ್ನುತ್ತೇನೆ ನಾನು.

ನಿಜವಾದ ಕೆಲಸ ಪಾಠದಲ್ಲಿಲ್ಲ, ಕೂಟದಲ್ಲಿ ಲೆಕ್ಕ ಕೇಳುವ ಜೊತೆಗಾರನಲ್ಲಿದೆ. ತಿಂಗಳು ಹುಟ್ಟುವ ಮೊದಲೇ ಖರ್ಚಿನ ಪಟ್ಟಿ ಅವನಿಗೆ ತೋರಿಸಬೇಕು. ದೊಡ್ಡದೇನಾದರೂ ಕೊಳ್ಳುವ ಮುಂಚೆ ಫೋನು ಮಾಡಬೇಕು. ಗಂಡ ಹೆಂಡತಿ ಇಬ್ಬರೂ ಬಂದರೆ ಒಳ್ಳೆಯದು. ಒಬ್ಬರಿಗೆ ಗೊತ್ತಿಲ್ಲದ ಕಾರ್ಡು ಇನ್ನೊಬ್ಬರ ಪರ್ಸಿನಲ್ಲಿರುವುದು ಅಪರೂಪವೇನಲ್ಲ.

ಸಂಪಾದನೆಯೇ ಹೊಟ್ಟೆಗೆ ಸಾಲದವರಿಗೆ ಶಿಸ್ತಿನ ಪಾಠ ಹೇಳಿ ಏನು ಫಲ? ಅಂಥವರಿಗೆ ಬ್ರಿಟನ್ನಿನಲ್ಲಿ, 1996ರಲ್ಲಿ ಬ್ರಾಡ್‌ಫರ್ಡ್‌ನಲ್ಲಿ ಆರಂಭವಾದ ‘ಕ್ರಿಶ್ಚಿಯನ್ಸ್ ಅಗೇನ್‌ಸ್ಟ್ ಪಾವರ್ಟಿ’ ಎಂಬ ಸಂಸ್ಥೆ ಇದೆ. ಯಾವ ಧರ್ಮದವರಾದರೂ ಸರಿ, ಶುಲ್ಕವಿಲ್ಲದೆ ಸಾಲಗಾರರ ಪರವಾಗಿ ಸಾಲ ಕೊಟ್ಟವರೊಡನೆ ಮಾತಾಡುತ್ತದೆ.

ಇಂಥ ಕೂಟಕ್ಕೆ ಸೇರುವುದಾದರೆ, ಆಡಿದ ಮಾತು ಹೊರಗೆ ಹೋಗುವುದಿಲ್ಲವೆಂದು ಮೊದಲೇ ಖಚಿತಪಡಿಸಿಕೊಳ್ಳಿ. ವಿಮೆ ಮಾರಲು ಬಂದರೆ, ಜಾಮೀನು ಸಹಿ ಕೇಳಿದರೆ ಎದ್ದು ಬನ್ನಿ. ಇಲ್ಲವಾದರೆ, ಕೈಗಡವನ್ನೂ ಬಿಡದೆ ಪೂರ್ತಿ ಪಟ್ಟಿ ಬರೆದು ಮೊದಲ ದಿನವೇ ಒಯ್ಯಿರಿ.