ಮನೆಗೊಂದು ಮರದ ಮುಚ್ಚಿಗೆ: ಟಂಗ್ ಅಂಡ್ ಗ್ರೂವ್ ಲೆಕ್ಕ

ಮಲೆನಾಡು, ಕರಾವಳಿಯ ಹಳೆಯ ಹೆಂಚಿನ ಮನೆಗಳಲ್ಲಿ ತಲೆಯೆತ್ತಿ ನೋಡಿದರೆ ಮರದ ಮುಚ್ಚಿಗೆ ಕಾಣುತ್ತದೆ. ಈಗ ಆರ್‌ಸಿಸಿ ಮನೆಗಳಲ್ಲೂ ಒಂದು ಕೋಣೆಗಾದರೂ ಹಲಗೆಯ ಸೀಲಿಂಗ್ ಹಾಕೋಣ ಅನ್ನುವವರಿದ್ದಾರೆ. ನೋಡೋಕೆ ಎರಡೂ ಒಂದೇ ಥರ. ಆದರೆ ಹಳೆಯ ಮುಚ್ಚಿಗೆಯ ಹಲಗೆ ತೊಲೆಗಳ ಮೇಲೆ ಕೂತಿರುತ್ತದೆ. ಸ್ಲ್ಯಾಬಿನ ಕೆಳಗಿನ ಹಲಗೆ ನೇತಾಡುತ್ತಿರುತ್ತದೆ. ಅಲ್ಲಿ ಭಾರ ಹೊರುವುದು ತೊಲೆ, ಇಲ್ಲಿ ಸ್ಕ್ರೂ ಮತ್ತು ಮೊಳೆ. ಹಾಗಾಗಿ ಕೆಲಸಕ್ಕೆ ಮೊದಲು ನಾವು ಎರಡು ಲೆಕ್ಕ ಮಾಡೋಣ.

ಭಾರದ ಲೆಕ್ಕ

ಕೋಣೆ 3 ಮೀಟರ್ × 3.6 ಮೀಟರ್ ಇರಲಿ. ಹಲಗೆ 12 ಮಿ.ಮೀ. ದಪ್ಪದ ಸಾಗುವಾನಿ, ಸಾಂದ್ರತೆ ಘನ ಮೀಟರಿಗೆ ಸುಮಾರು 650 ಕೆಜಿ. 10.8 × 0.012 × 650 ಅಂದ್ರೆ ಸುಮಾರು 84 ಕೆಜಿ. ಹಲಗೆಗಳು 3.6 ಮೀಟರ್ ಉದ್ದಕ್ಕೆ ಓಡಿದರೆ, ರೀಪುಗಳು ಅದಕ್ಕೆ ಅಡ್ಡಲಾಗಿ 450 ಮಿ.ಮೀ.ಗೆ ಒಂದರಂತೆ 9 ಬೇಕು. 50 × 25 ಮಿ.ಮೀ. ರೀಪುಗಳದ್ದು ಇನ್ನೊಂದು 22 ಕೆಜಿ. ಒಂದೊಂದು ರೀಪಿಗೆ 7 ಸ್ಟೀಲ್ ಆಂಕರ್ ಹಾಕಿದರೆ ಒಟ್ಟು 63. ಒಂದರ ಪಾಲಿಗೆ ಸರಾಸರಿ 2 ಕೆಜಿಗೂ ಕಡಿಮೆ! ಅಂದ್ರೆ, ಆಂಕರ್ ಗಟ್ಟಿಯಾಗಿ ಕೂತಿದ್ದರೆ ಭಾರ ದೊಡ್ಡ ಸಮಸ್ಯೆಯಲ್ಲ.

ಹಿಗ್ಗುವ ಲೆಕ್ಕ

ನಿಜವಾದ ಸಮಸ್ಯೆ ಇಲ್ಲಿದೆ. ಮರ ಗಾಳಿಯ ತೇವವನ್ನು ಹೀರುತ್ತದೆ, ಬಿಡುತ್ತದೆ. ಗಾಳಿಯ ಸಾಪೇಕ್ಷ ತೇವಾಂಶ ಶೇ. 40 ಇದ್ದಾಗ ಮರದೊಳಗಿನ ತೇವಾಂಶ ಶೇ. 8ರ ಆಸುಪಾಸು ನಿಲ್ಲುತ್ತದೆ, ಗಾಳಿಯಲ್ಲಿ ಶೇ. 80 ಆದರೆ ಮರದಲ್ಲಿ ಶೇ. 16ರ ಹತ್ತಿರ. ಬೇಸಿಗೆಗೂ ಮಳೆಗಾಲಕ್ಕೂ ಇಷ್ಟು ವ್ಯತ್ಯಾಸ ಆಗಬಹುದು. ಸಾಗುವಾನಿ ಹಲಗೆ ತೇವಾಂಶದ ಪ್ರತಿ 1 ಅಂಶಕ್ಕೆ ಅಗಲದಲ್ಲಿ ಸುಮಾರು ಶೇ. 0.2 ಹಿಗ್ಗುತ್ತದೆ. ಉದ್ದದಲ್ಲಿ ಹಿಗ್ಗುವುದು ನಗಣ್ಯ.

100 ಮಿ.ಮೀ. ಅಗಲದ ಹಲಗೆಗೆ: 100 × 0.002 × 8 = 1.6 ಮಿ.ಮೀ. ಒಂದೇ ಹಲಗೆ ನೋಡಿದರೆ ಏನೂ ಅಲ್ಲ. ಆದರೆ 3 ಮೀಟರ್ ಅಗಲಕ್ಕೆ 30 ಹಲಗೆ. ಒಟ್ಟು 48 ಮಿ.ಮೀ.! ಪೇಂಟ್ ಅಥವಾ ವಾರ್ನಿಶ್ ಇದನ್ನು ನಿಧಾನ ಮಾಡುತ್ತದೆ, ತಡೆಯುವುದಿಲ್ಲ. ಬೇಸಿಗೆಯಲ್ಲಿ ಗೋಡೆಯಿಂದ ಗೋಡೆಗೆ ಬಿಗಿಯಾಗಿ ಹೊಡೆದು, ಸಾಲದ್ದಕ್ಕೆ ಅಂಟು ಹಾಕಿದರೆ, ಮಳೆಗಾಲದಲ್ಲಿ ಆ 48 ಮಿ.ಮೀ. ಎಲ್ಲಿಗೆ ಹೋಗಬೇಕು? ಹಲಗೆ ಕೆಳಗೆ ಉಬ್ಬಿ, ಮೊಳೆಯನ್ನೇ ಕೀಳುತ್ತದೆ.

ಟಂಗ್ ಅಂಡ್ ಗ್ರೂವ್ ಇದಕ್ಕೇ ಇರುವ ಉಪಾಯ. ಹಲಗೆಯ ಒಂದು ಅಂಚಿನಲ್ಲಿ ನಾಲಿಗೆ, ಇನ್ನೊಂದರಲ್ಲಿ ತೋಡು. ನಾಲಿಗೆ 6 ಮಿ.ಮೀ. ಇದ್ದರೆ, ಹಲಗೆ 1.6 ಮಿ.ಮೀ. ಕುಗ್ಗಿದಾಗಲೂ ಇನ್ನೂ 4 ಮಿ.ಮೀ.ಗಿಂತ ಹೆಚ್ಚು ಒಳಗೇ ಇರುತ್ತದೆ. ಸಂದು ಬಿಟ್ಟರೂ ಮೇಲಿನ ಸ್ಲ್ಯಾಬ್ ಕಾಣೋಲ್ಲ. ಪ್ರತಿ ಹಲಗೆ ತನ್ನ ಪಾಡಿಗೆ ತಾನು ಸರಿದಾಡುತ್ತದೆ.

ಈಗ ಕೆಲಸ

1. ಸ್ಲ್ಯಾಬ್ ಸೋರುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ. ಹಲಗೆ ಹಾಕಿದ ಮೇಲೆ ಸೋರಿಕೆ ಗೊತ್ತಾಗುವ ಹೊತ್ತಿಗೆ ಮರ ಕೊಳೆತಿರುತ್ತದೆ.

2. ಹಲಗೆಗಳನ್ನು ಅದೇ ಕೋಣೆಯಲ್ಲಿ, ನಡುನಡುವೆ ಪಟ್ಟಿ ಇಟ್ಟು, ಗಾಳಿಯಾಡುವಂತೆ ಒಂದೆರಡು ವಾರ ಪೇರಿಸಿಡಿ. ಹಾಕುವ ಮೊದಲೇ ಎಲ್ಲ ಮುಖಗಳಿಗೂ ಒಂದು ಕೋಟ್ ವಾರ್ನಿಶ್ ಬಳಿಯಿರಿ. ಕಾಣುವ ಮುಖಕ್ಕೆ ಮಾತ್ರ ಬಳಿದರೆ ಎರಡು ಮುಖ ಬೇರೆ ಬೇರೆ ವೇಗದಲ್ಲಿ ತೇವ ಹೀರಿ ಹಲಗೆ ಡೊಂಕಾಗುತ್ತದೆ.

3. ಡ್ರಿಲ್ ಮಾಡುವ ಮುಂಚೆ ಸ್ಲ್ಯಾಬಿನೊಳಗೆ ವೈರಿನ ಪೈಪು ಎಲ್ಲೆಲ್ಲಿ ಓಡಿದೆ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಗುರುತು ಹಾಕಿಸಿ, ಮೇನ್ ಆಫ್ ಮಾಡಿ. ಫ್ಯಾನ್ ಸ್ಲ್ಯಾಬಿನ ಕೊಕ್ಕೆಯಿಂದಲೇ ತೂಗಬೇಕು, ಹಲಗೆಯಿಂದ ಖಂಡಿತ ಬೇಡ.

4. ದಾರ ಕಟ್ಟಿ ರೀಪುಗಳನ್ನೆಲ್ಲ ಒಂದೇ ಮಟ್ಟಕ್ಕೆ ತನ್ನಿ. ತಗ್ಗಿದ್ದಲ್ಲಿ ತೆಳು ಪಟ್ಟಿ ಕೊಡಿ.

5. ಮೊದಲ ಹಲಗೆಯ ತೋಡು ಗೋಡೆಯ ಕಡೆಗಿರಲಿ. ಗೋಡೆಯಿಂದ 10 ಮಿ.ಮೀ. ಸಂದು ಬಿಡಿ. ಗೋಡೆ ಪಕ್ಕದ ಅಂಚಿಗೆ ನೇರ ಮೊಳೆ. ಆಮೇಲೆ ಬೀಡಿಂಗ್ ಅದನ್ನು ಮುಚ್ಚುತ್ತದೆ. ಮುಂದಿನ ಹಲಗೆಗಳಿಗೆಲ್ಲ ನಾಲಿಗೆಯ ಬುಡದಲ್ಲಿ 45 ಡಿಗ್ರಿ ಓರೆಯಾಗಿ ಮೊಳೆ. ಅದರ ತಲೆ ಮುಂದಿನ ಹಲಗೆಯ ತೋಡಿನೊಳಗೆ ಮರೆಯಾಗುತ್ತದೆ. ಒಂದೇ ಅಂಚಿಗೆ ಮೊಳೆ ಹೊಡೆಯುವುದರಿಂದ ಇನ್ನೊಂದು ಅಂಚು ಸರಿದಾಡಲು ಸ್ವತಂತ್ರ. ತೋಡಿಗೆ ಅಂಟು ಬೇಡವೇ ಬೇಡ.

6. ಒಣ ಬೇಸಿಗೆಯಲ್ಲಿ ಹಾಕ್ತಿದ್ರೆ ಪ್ರತಿ ಜೋಡಣೆಯಲ್ಲಿ ಒಂದು–ಒಂದೂವರೆ ಮಿ.ಮೀ. ಸಂದು ಬಿಡಿ. ಜೋರು ಮಳೆಗಾಲದಲ್ಲಿ ಹಾಕ್ತಿದ್ರೆ ಹತ್ತಿರಕ್ಕೆ ಸೇರಿಸಿ. ಮರ ಆಗಲೇ ಹಿಗ್ಗಿರುತ್ತದೆ.

7. ಕೊನೆಯ ಹಲಗೆ ಬರೀ 20 ಮಿ.ಮೀ. ಚೂರು ಆಗುವಂತಿದ್ದರೆ ಆರಂಭದಲ್ಲೇ ಸರಿದೂಗಿಸಿ: (100 + 20) ÷ 2 = 60. ಮೊದಲ ಮತ್ತು ಕೊನೆಯ ಹಲಗೆಗಳೆರಡನ್ನೂ 60 ಮಿ.ಮೀ.ಗೆ ಸೀಳಿದರೆ ಎರಡೂ ಬದಿ ಸಮನಾಗಿ ಕಾಣುತ್ತದೆ. ಬೀಡಿಂಗನ್ನು ಗೋಡೆಗೆ ಹೊಡೆಯಿರಿ, ಹಲಗೆಗಲ್ಲ.

ಈ ರಜೆಯಲ್ಲಿ ಊರಿಗೆ ಹೋದಾಗ ಟೇಪು ಹಿಡಿದು ನಿಮ್ಮ ಮನೆಯ ಒಂದು ಕೋಣೆ ಅಳೆಯಿರಿ. ಎಷ್ಟು ಹಲಗೆ, ಎಷ್ಟು ಕೆಜಿ, ಎಷ್ಟು ಮಿ.ಮೀ. ಹಿಗ್ಗು ಅಂತ ಬರೆದಿಟ್ಟುಕೊಳ್ಳಿ. ಮರಗೆಲಸದವರ ಜೊತೆ ಮಾತಾಡೋಕೆ ಕೂತಾಗ ಆ ಮೂರು ಸಂಖ್ಯೆ ಕೈಯಲ್ಲಿರಲಿ.