ಟಕ್ ಎಂದರೆ ಮುಚ್ಚಿತೆಂದಲ್ಲ

ಇಂಕ್ ಪೆನ್ನಿನ ಕ್ಯಾಪ್ ಒತ್ತಿದಾಗ ಟಕ್ ಎಂದರೆ ಸಾಕು, ಸರಿಯಾಗಿ ಮುಚ್ಚಿತೆಂದು ಜೇಬಿಗೆ ಸಿಕ್ಕಿಸಿಬಿಡುತ್ತೇವೆ. ಇಂಥ ಪೆನ್ನುಗಳಲ್ಲೇ ಬರೆಯುತ್ತ ಬಂದ ನನಗೆ ಮನದಟ್ಟಾಗಿರುವುದು ಬೇರೆ. ಕ್ಯಾಪ್ ಕಳಚಿ ಬೀಳುವುದಿಲ್ಲ ಎಂಬುದಕ್ಕಷ್ಟೇ ಆ ಸದ್ದು ಸಾಕ್ಷಿ. ನಿಬ್ಬು ಒಣಗುವುದಿಲ್ಲ ಎಂಬುದಕ್ಕಲ್ಲ. ಹಿಡಿದುಕೊಳ್ಳುವುದು ಒಂದು ಕೆಲಸ, ಗಾಳಿ ತಡೆಯುವುದು ಇನ್ನೊಂದು. 1966ರ ಲ್ಯಾಮಿ 2000 ಪೆನ್ನಿನಲ್ಲಿ ಹಿಡಿತದ ಮೇಲ್ತುದಿಗೆ ಎರಡು ಪುಟ್ಟ ಲೋಹದ ಕಿವಿಗಳಿವೆ. ಕ್ಯಾಪ್ ಕಚ್ಚಿಕೊಳ್ಳುವುದು ಅವುಗಳಿಗೆ. 1941ರ ಪಾರ್ಕರ್ 51ರ ಕ್ಯಾಪಿನೊಳಗೆ ಸ್ಪ್ರಿಂಗಿನಂತೆ ಬಾಗುವ ಲೋಹದ ಪಟ್ಟಿಗಳಿದ್ದು, ಪೆನ್ನಿನ ಮೈಮೇಲಿನ ಉಂಗುರವನ್ನು ಅವು ಸುತ್ತಲಿಂದ ಅಮುಕಿ ಹಿಡಿಯುತ್ತವೆ. ಆ ಕ್ಯಾಪ್ ಟಕ್ ಎನ್ನದೆ ಜಾರಿ ಕೂರುತ್ತದೆ, ಆದರೂ ಬಿಗಿ. ಗಾಳಿ ತಡೆಯುವುದು ಸಾಮಾನ್ಯವಾಗಿ ಕ್ಯಾಪಿನೊಳಗಿನ ಇನ್ನೊಂದು ಚಿಕ್ಕ ಕ್ಯಾಪ್. ಅದರ ಅಂಚು ನಿಬ್ಬಿನ ಬುಡದ ಸುತ್ತ ಸಂದಿಲ್ಲದೆ ಕೂತರಷ್ಟೇ ಇಂಕಿನ ನೀರು ಆರದೆ ಉಳಿಯುತ್ತದೆ.

ಹಾಗಿದ್ದರೆ ತಿರುಪಿನ ಕ್ಯಾಪೇ ವಾಸಿ ಎನ್ನುವವರಿದ್ದಾರೆ. ತಿರುಪು ಜೇಬಿನಲ್ಲಿ ತಾನಾಗಿ ಬಿಚ್ಚಿಕೊಳ್ಳುವುದು ಅಪರೂಪ, ಅಷ್ಟು ನಿಜ. ಆದರೆ ತಿರುಪಿನ ಗೆರೆಗಳು ಗಾಳಿಯನ್ನು ತಡೆಯುವುದಿಲ್ಲ. ಜಪಾನಿನ ಪ್ಲಾಟಿನಂ ಕಂಪನಿ 2011ರಲ್ಲಿ 3776 ಸೆಂಚುರಿ ತಂದಾಗ, ತಿರುಪಿನ ಕ್ಯಾಪ್ ಇದ್ದೂ ಒಳಗೆ ಸ್ಪ್ರಿಂಗ್ ಒತ್ತುವ ಒಳಕ್ಯಾಪನ್ನು ಬೇರೆಯಾಗಿ ಇಟ್ಟದ್ದು ಇದಕ್ಕೇ. ಅದೇ ಕಂಪನಿಯ ಅಗ್ಗದ ಪ್ರೆಪ್ಪಿಯಲ್ಲೂ ಸ್ಪ್ರಿಂಗಿನ ಒಳಕ್ಯಾಪಿದೆ, ಅದು ಒತ್ತಿ ಮುಚ್ಚುವ ಪೆನ್ನು. ಹಾಗಾಗಿ ಪೆನ್ನು ಕೊಳ್ಳುವಾಗ ಸದ್ದು ಕೇಳಿ ಒಪ್ಪಬೇಡಿ. ಇಂಕ್ ತುಂಬಿ, ಮುಚ್ಚಿ, ಕೆಲವು ದಿನ ಮಲಗಿಸಿಟ್ಟು ಬರೆದು ನೋಡಿ. ಮೊದಲ ಅಕ್ಷರವೇ ಮೂಡಿದರೆ ಒಳಕ್ಯಾಪ್ ಚೆನ್ನಾಗಿದೆ. ಗಾಳಿಯಾಡದಂತೆ ಮುಚ್ಚುವ ಕ್ಯಾಪಿಗೆ ಒಂದು ತೊಡಕೂ ಉಂಟು. ಸರಕ್ಕನೆ ಎಳೆದರೆ ಒಳಗೆ ಗಾಳಿಯ ಒತ್ತಡ ಇಳಿದು ಇಂಕ್ ಹೊರಗೆ ಎಳೆಯಲ್ಪಡುತ್ತದೆ, ಬೆರಳು ಹಿಡಿಯುವ ಜಾಗವೆಲ್ಲ ಇಂಕಾಗುತ್ತದೆ. ಮೆಲ್ಲಗೆ ತೆಗೆದರೆ ಈ ತಾಪತ್ರಯ ಬಹುಮಟ್ಟಿಗೆ ತಪ್ಪುತ್ತದೆ.

ಒತ್ತಿ ಮುಚ್ಚುವ ಕ್ಯಾಪ್ ಸವೆದು ಸಡಿಲಾಗುತ್ತದೆ ಎಂಬ ದೂರನ್ನು ನಾನು ಪೂರ್ತಿ ತಳ್ಳಿಹಾಕಲಾರೆ. ಆದರೆ ಸವೆಯುವುದು ಯಾವುದು ಎಂದು ನೋಡಬೇಕು. ಲೋಹದ ಪಟ್ಟಿಗಳು ಸಡಿಲಾದರೆ ಕೈಬಲ್ಲವರು ಅವನ್ನು ತುಸು ಒಳಕ್ಕೆ ಬಾಗಿಸಿ ಮತ್ತೆ ಬಿಗಿ ತರಬಲ್ಲರು. ಕ್ಯಾಪಿನೊಳಗೆ ಕಚ್ಚಿ ಹಿಡಿಯುವ ಪ್ಲಾಸ್ಟಿಕ್ಕಿನ ಏಣು ಸವೆದರೆ ಕ್ಯಾಪನ್ನೇ ಬದಲಿಸಬೇಕು. ಅದಕ್ಕೇ, ದಿನವಿಡೀ ತೆಗೆದು ಮುಚ್ಚುವ ಪೆನ್ನು ಬೇಕೆನ್ನುವವರಿಗೆ ಲೋಹದ ಹಿಡಿತದ್ದನ್ನೇ ಕೊಳ್ಳಿ ಎನ್ನುತ್ತೇನೆ.