ಲಘು ವಿಮಾನಕ್ಕೆ ಮೋಟಾರ್ ಪೆಟ್ರೋಲ್: ದರ, ವೆಚ್ಚ ಮತ್ತು ಅರ್ಹತೆ

ಕಚ್ಚಾವಸ್ತುವಿನ ಖರೀದಿ ದರವನ್ನೇ ವೆಚ್ಚವೆಂದು ಭಾವಿಸುವುದು ಸಣ್ಣ ಉದ್ಯಮಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ರೂಢಿಯಾಗಿದೆ. ವಾಸ್ತವವಾಗಿ ದರ ಬೇರೆ, ವೆಚ್ಚ ಬೇರೆ. ಇವೆರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಮುನ್ನ ಪರಿಶೀಲಿಸಬೇಕಾದ ಮೂರನೆಯ ಅಂಶವೆಂದರೆ ಆ ವಸ್ತು ಉದ್ದೇಶಿತ ಬಳಕೆಗೆ ಅರ್ಹವೇ ಎಂಬುದು. ಈ ಮೂರರ ನಡುವಿನ ವ್ಯತ್ಯಾಸವನ್ನು ಅರಿಯಲು ಲಘು ವಿಮಾನಗಳ ಎಂಜಿನ್‌ಗೆ ಮೋಟಾರ್ ಪೆಟ್ರೋಲ್ ಬಳಸುವ ಪ್ರಶ್ನೆಯು ಉತ್ತಮ ಉದಾಹರಣೆ. ವಾಹನ ಬಿಡಿಭಾಗಗಳ ತಯಾರಿಕೆಯನ್ನು ನೆಚ್ಚಿರುವ ಬಿಡದಿಯ ಘಟಕಗಳಿಗೆ ಇದು ದೂರದ ವಿಷಯವೂ ಅಲ್ಲ.

ಎರಡು ಬಗೆಯ ಪೆಟ್ರೋಲ್

ದೊಡ್ಡ ಪ್ರಯಾಣಿಕ ವಿಮಾನಗಳ ಜೆಟ್ ಎಂಜಿನ್‌ಗಳು ಸೀಮೆಎಣ್ಣೆಯ ಜಾತಿಯ ಇಂಧನವನ್ನು ಬಳಸುತ್ತವೆ. ಅದು ಇಲ್ಲಿ ಚರ್ಚೆಯ ವಿಷಯವಲ್ಲ. ತರಬೇತಿಗೂ ಹವ್ಯಾಸಕ್ಕೂ ಬಳಕೆಯಾಗುವ ಪಿಸ್ಟನ್ ಎಂಜಿನ್ನಿನ ಚಿಕ್ಕ ವಿಮಾನಗಳಿಗೆ ಏವ್‌ಗ್ಯಾಸ್ ಎಂಬ ವಿಶೇಷ ಪೆಟ್ರೋಲ್ ಬೇಕಾಗುತ್ತದೆ. ಇದರ ಪ್ರಚಲಿತ ದರ್ಜೆಯಾದ '100 ಎಲ್‌ಎಲ್' ಅನ್ನು ಕಡಿಮೆ ಸೀಸದ ಇಂಧನವೆಂದು ಕರೆದರೂ, ಅದರಲ್ಲಿ ಲೀಟರಿಗೆ 0.56 ಗ್ರಾಂವರೆಗೆ ಸೀಸ ಇರಬಹುದು. ಇಂಧನವು ಸಿಲಿಂಡರಿನಲ್ಲಿ ಅಕಾಲದಲ್ಲಿ ಸಿಡಿಯದಂತೆ ತಡೆಯುವುದೇ ಸೀಸದ ಕೆಲಸ.

ನಮ್ಮ ರಸ್ತೆ ವಾಹನಗಳಿಗಾದರೋ 2000ದ ಫೆಬ್ರವರಿ 1ರಿಂದ ದೇಶಾದ್ಯಂತ ಸೀಸರಹಿತ ಪೆಟ್ರೋಲ್ ಜಾರಿಗೆ ಬಂದಿತು. ಏವ್‌ಗ್ಯಾಸ್ ಅನ್ನು ಮಾತ್ರ ಭಾರತವು ದೀರ್ಘಕಾಲ ಆಮದು ಮಾಡಿಕೊಳ್ಳುತ್ತಿತ್ತು. ಇಂಡಿಯನ್ ಆಯಿಲ್ ಸಂಸ್ಥೆಯು ವಡೋದರದ ತನ್ನ ಶುದ್ಧೀಕರಣಾಗಾರದಲ್ಲಿ ತಯಾರಿಸಿದ ಏವ್‌ಗ್ಯಾಸ್ ಅನ್ನು 2022ರ ಸೆಪ್ಟೆಂಬರಿನಲ್ಲಿ ಬಿಡುಗಡೆ ಮಾಡಿತು. ಬಳಕೆಯ ಪ್ರಮಾಣ ಅಲ್ಪ, ಸಾಗಣೆ ಪ್ರತ್ಯೇಕ. ಆದ್ದರಿಂದ ರಸ್ತೆಬದಿಯ ಬಂಕಿನ ಪೆಟ್ರೋಲಿನತ್ತ ವಿಮಾನ ಮಾಲೀಕರ ದೃಷ್ಟಿ ಹರಿಯುವುದು ಸಹಜ.

ಅನುಮತಿ ಇದ್ದ ಪ್ರಸಂಗಗಳು

ಈ ಯೋಚನೆ ಹೊಸದೂ ಅಲ್ಲ, ಮೂಲತಃ ತಪ್ಪೂ ಅಲ್ಲ. ಅಮೆರಿಕೆಯಲ್ಲಿ ದೀರ್ಘ ಪರೀಕ್ಷೆಗಳ ನಂತರ 1982ರಲ್ಲಿ ಸೆಸ್ನಾ 150 ವಿಮಾನಕ್ಕೆ ಮೋಟಾರ್ ಪೆಟ್ರೋಲ್ ಬಳಸಲು ಪೂರಕ ಮಾನ್ಯತೆ ನೀಡಲಾಯಿತು. ಅದರ ಎಂಜಿನ್ 80 ಆಕ್ಟೇನ್ ಇಂಧನಕ್ಕೆಂದು ರೂಪುಗೊಂಡಿದ್ದುದೇ ಇದಕ್ಕೆ ಆಧಾರ. ಅದೇ ಕಂಪನಿಯ ನಂತರದ ಮಾದರಿಯಾದ ಸೆಸ್ನಾ 152ರ ಎಂಜಿನ್ 100 ಆಕ್ಟೇನ್ ಏವ್‌ಗ್ಯಾಸ್‌ಗಾಗಿಯೇ ರೂಪುಗೊಂಡಿತು. ನೋಡಲು ಒಂದೇ ಬಗೆಯ ಎರಡು ವಿಮಾನಗಳು. ಒಂದಕ್ಕೆ ದೊರೆತ ಅನುಮತಿ ಮತ್ತೊಂದಕ್ಕೆ ತಾನಾಗಿ ಅನ್ವಯಿಸಲಾರದು ಎಂಬುದನ್ನು ಗಮನಿಸತಕ್ಕದ್ದು.

ನಮ್ಮ ನೆರೆಯ ಬೆಂಗಳೂರಿನಲ್ಲಿಯೂ ಇದಕ್ಕೆ ಸಂಬಂಧಿಸಿದ ನಿದರ್ಶನವಿದೆ. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು (ಎನ್‌ಎಎಲ್) ವಿನ್ಯಾಸಗೊಳಿಸಿದ ಎರಡು ಆಸನಗಳ ತರಬೇತಿ ವಿಮಾನ 'ಹಂಸ-3' 2000ದಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಮಾನ್ಯತೆ ಪಡೆಯಿತು. ಅದಕ್ಕೆ ಅಳವಡಿಸಿದ್ದು ಆಸ್ಟ್ರಿಯಾದ ರೊಟ್ಯಾಕ್ಸ್ 914 ಎಂಜಿನ್. 2021ರ ಸೆಪ್ಟೆಂಬರ್ 3ರಂದು ಮೊದಲ ಬಾರಿಗೆ ಹಾರಿದ 'ಹಂಸ-ಎನ್‌ಜಿ' ವಿಮಾನದಲ್ಲಿ ಅದೇ ಕುಟುಂಬದ ರೊಟ್ಯಾಕ್ಸ್ 912 ಎಂಜಿನ್ ಇದೆ.

ಈ ಎಂಜಿನ್‌ಗಳ ವಿಶೇಷವೇನೆಂದರೆ, ತಯಾರಕರು ಏವ್‌ಗ್ಯಾಸ್ ಮತ್ತು ಸೀಸರಹಿತ ಮೋಟಾರ್ ಪೆಟ್ರೋಲ್ ಎರಡನ್ನೂ ಒಪ್ಪುತ್ತಾರೆ. ಅಷ್ಟೇ ಅಲ್ಲ, ಸೀಸವಿರುವ ಇಂಧನವನ್ನು ಹೆಚ್ಚಾಗಿ ಬಳಸಿದಲ್ಲಿ ಸೀಸದ ಮಡ್ಡಿ ಎಂಜಿನ್ ಆಯಿಲ್‌ನಲ್ಲಿ ಸೇರಿ, 100 ಗಂಟೆಗೊಮ್ಮೆ ಬದಲಿಸಬೇಕಾದ ಆಯಿಲ್ ಅನ್ನು ಅದರ ಅರ್ಧ ಅವಧಿಯಲ್ಲಿ ಅಥವಾ ಇನ್ನೂ ಮುಂಚೆಯೇ ಬದಲಿಸಬೇಕಾಗುತ್ತದೆ. ಅಂದರೆ ಇಲ್ಲಿ ಅಗ್ಗದ ಇಂಧನವೇ ಎಂಜಿನ್ನಿಗೂ ಹಿತ. ಹೀಗಿದ್ದ ಮೇಲೆ ಅಡ್ಡಿ ಏನು?

ಎಥನಾಲ್ ತಂದ ಬದಲಾವಣೆ

ಅಡ್ಡಿ ಬಂದದ್ದು ಪೆಟ್ರೋಲಿನ ಸಂಯೋಜನೆ ಬದಲಾದುದರಿಂದ. ಭಾರತವು 2022ರ ಜೂನ್ ವೇಳೆಗೆ ಪೆಟ್ರೋಲಿನಲ್ಲಿ ಶೇ. 10ರಷ್ಟು ಎಥನಾಲ್ ಮಿಶ್ರಣದ ಗುರಿ ಮುಟ್ಟಿತು. ಶೇ. 20ರ ಮಿಶ್ರಣವಾದ ಇ-20 ಪೆಟ್ರೋಲ್ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿಯೇ ಬಿಡುಗಡೆಯಾಗಿ, 2025ರ ವೇಳೆಗೆ ದೇಶದ ಸಾಮಾನ್ಯ ಪೆಟ್ರೋಲ್ ಆಯಿತು. ರೊಟ್ಯಾಕ್ಸ್ ತಯಾರಕರ ಸೂಚನೆಗಳು ಎಥನಾಲ್‌ಗೆ ವಿಧಿಸಿರುವ ಮಿತಿ ಶೇ. 10. ಮೇಲೆ ಹೇಳಿದ ಅಮೆರಿಕೆಯ ಮಾನ್ಯತೆಯಾದರೋ ಎಥನಾಲ್ ಬೆರೆತ ಪೆಟ್ರೋಲನ್ನು ಒಪ್ಪುವುದೇ ಇಲ್ಲ. ಹೆಸರು ಪೆಟ್ರೋಲ್ ಎಂದೇ ಉಳಿಯಿತು, ವಸ್ತು ಬದಲಾಯಿತು.

ಎಥನಾಲ್‌ನಿಂದ ಆಕ್ಟೇನ್ ಪ್ರಮಾಣ ಏರುತ್ತದೆ ಎಂಬುದು ನಿಜ. ಆದರೆ ವಿಮಾನದ ಮಟ್ಟಿಗೆ ನಾಲ್ಕು ತೊಂದರೆಗಳನ್ನು ಪರಿಗಣಿಸಬೇಕು.

1. ಎಥನಾಲ್ ತೇವವನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದಾಗ, ವಿಶೇಷವಾಗಿ ಎತ್ತರದ ತಂಪಿನಲ್ಲಿ, ನೀರು ಮತ್ತು ಎಥನಾಲ್ ಒಟ್ಟಾಗಿ ಟ್ಯಾಂಕಿನ ತಳಕ್ಕಿಳಿಯುತ್ತವೆ. ಎಂಜಿನ್‌ಗೆ ಇಂಧನ ಹೋಗುವುದು ಆ ತಳದಿಂದಲೇ.

2. ಹಳೆಯ ವಿಮಾನಗಳ ರಬ್ಬರ್ ಕೊಳವೆ ಮತ್ತು ಸೀಲ್‌ಗಳು, ಟ್ಯಾಂಕಿನ ಒಳಲೇಪ, ಕೆಲವು ನಾರುಗಾಜಿನ ಟ್ಯಾಂಕುಗಳು ಎಥನಾಲ್‌ನಿಂದ ಉಬ್ಬುತ್ತವೆ ಅಥವಾ ಮೆತ್ತಗಾಗುತ್ತವೆ.

3. ಮೋಟಾರ್ ಪೆಟ್ರೋಲ್ ಬೇಗ ಆವಿಯಾಗುತ್ತದೆ. ಏವ್‌ಗ್ಯಾಸ್‌ನ ಆವಿಯೊತ್ತಡವನ್ನು 38ರಿಂದ 49 ಕಿಲೋಪಾಸ್ಕಲ್‌ಗಳ ನಡುವೆ ಹಿಡಿದಿಡಲಾಗುತ್ತದೆ. ಮೋಟಾರ್ ಪೆಟ್ರೋಲಿನದು ಇದನ್ನು ಮೀರಬಲ್ಲದು. ಬಿಸಿಲಿನಲ್ಲಿ ನಿಂತ ವಿಮಾನ ಮೇಲೇರುವಾಗ ಕೊಳವೆಯಲ್ಲಿ ಆವಿ ಕಟ್ಟಿಕೊಂಡು ಎಂಜಿನ್ ನಿಲ್ಲಬಹುದು. ಕಾರು ನಿಂತರೆ ರಸ್ತೆಯ ಬದಿಗೆ ಸರಿಸಬಹುದು. ಆಕಾಶದಲ್ಲಿ ಆ ಅನುಕೂಲವಿಲ್ಲ.

4. ಎಥನಾಲ್‌ನ ಶಾಖಶಕ್ತಿ ಪೆಟ್ರೋಲಿನ ಸುಮಾರು ಮೂರನೇ ಎರಡರಷ್ಟು ಮಾತ್ರ. ಆದ್ದರಿಂದ ಇ-20ರ ಒಂದು ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ ಶೇ. 6ರಿಂದ 7ರಷ್ಟು ಶಕ್ತಿ ಕಡಿಮೆ. ಹಾರಾಟದ ಅವಧಿಯ ಲೆಕ್ಕ ಅಷ್ಟರಮಟ್ಟಿಗೆ ತಪ್ಪುತ್ತದೆ.

ಇಂಧನದಲ್ಲಿ ಎಥನಾಲ್ ಇದೆಯೇ ಎಂದು ತಿಳಿಯಲು ಸರಳ ಪರೀಕ್ಷೆಯೊಂದಿದೆ. ಅಳತೆಯ ಗಾಜಿನ ಕೊಳವೆಯಲ್ಲಿ 10 ಮಿಲಿಲೀಟರ್ ನೀರಿಗೆ 90 ಮಿಲಿಲೀಟರ್ ಪೆಟ್ರೋಲ್ ಸೇರಿಸಿ, ಅಲುಗಿಸಿ, ತಿಳಿಯಾಗಲು ಬಿಡಬೇಕು. ತಳದ ನೀರಿನ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. ಗಣನೀಯವಾಗಿ ಬೆಳೆದಿದ್ದರೆ ಇದೆ ಎಂದರ್ಥ.

ಲೆಕ್ಕ ಹೇಳುವುದೇನು?

ಈಗ ವೆಚ್ಚದ ಪಟ್ಟಿಯನ್ನು ನೋಡೋಣ. ಇಲ್ಲಿನ ಅಂಕಿಗಳು ವಿವರಣೆಗಾಗಿ ಊಹಿಸಿಕೊಂಡವು. ವರ್ಷಕ್ಕೆ 500 ಗಂಟೆ ಹಾರುವ ವಿಮಾನವೊಂದು ಗಂಟೆಗೆ 18 ಲೀಟರ್ ಇಂಧನ ಬಳಸುತ್ತದೆ, ಎರಡು ಇಂಧನಗಳ ದರದ ಅಂತರ ಲೀಟರಿಗೆ 60 ರೂಪಾಯಿ ಎಂದಿಟ್ಟುಕೊಳ್ಳೋಣ. ಗಂಟೆಗೆ 1,080 ರೂಪಾಯಿ ಉಳಿತಾಯ. ಎಂಜಿನ್ನಿನ ಸಮಗ್ರ ದುರಸ್ತಿಗೆ 20 ಲಕ್ಷ ರೂಪಾಯಿ, ಅವಧಿ 2,000 ಗಂಟೆ ಎಂದಾದರೆ ಅದಕ್ಕಾಗಿ ಗಂಟೆಗೆ 1,000 ರೂಪಾಯಿ ತೆಗೆದಿರಿಸಬೇಕು. ಒಪ್ಪಿತವಲ್ಲದ ಇಂಧನದಿಂದ ದುರಸ್ತಿ 1,500 ಗಂಟೆಗೇ ಬಂದರೆ ಈ ಮೊತ್ತ 1,333 ರೂಪಾಯಿ ಆಗುತ್ತದೆ. ಹೆಚ್ಚುವರಿ 333 ರೂಪಾಯಿಯನ್ನು ಕಳೆದರೂ ಗಂಟೆಗೆ 747, ವರ್ಷಕ್ಕೆ 3,73,500 ರೂಪಾಯಿ ಉಳಿತಾಯ ತೋರುತ್ತದೆ.

ಓದುಗರು ಇಲ್ಲಿ ಎಚ್ಚರ ವಹಿಸಬೇಕು. ಎಂಜಿನ್ ಬೇಗ ಸವೆದರೂ ಪಟ್ಟಿ ಲಾಭವನ್ನೇ ತೋರಿಸುತ್ತಿದೆ. ಏಕೆಂದರೆ ಈ ಪಟ್ಟಿಯಲ್ಲಿ ಅರ್ಹತೆಗೆ ಅಂಕಣವೇ ಇಲ್ಲ. ವಿಮಾನದ ಕೈಪಿಡಿ ಒಪ್ಪದ ಇಂಧನದಿಂದ ಹಾರಿದರೆ ಹಾರಾಟ ಯೋಗ್ಯತೆಯ ಷರತ್ತು ಮುರಿದಂತಾಗುತ್ತದೆ; ವಿಮಾ ಕಂಪನಿಗೆ ಪರಿಹಾರ ನಿರಾಕರಿಸಲು ಅವಕಾಶ ಒದಗುತ್ತದೆ. ವಿಮಾನದ ಬೆಲೆ 80 ಲಕ್ಷವೆಂದರೆ ಒಂದು ನಿರಾಕರಣೆ 21 ವರ್ಷಗಳ ಉಳಿತಾಯವನ್ನು ನುಂಗುತ್ತದೆ. ಪ್ರಾಣಹಾನಿಯನ್ನಂತೂ ಯಾವ ಖಾತೆಯಲ್ಲಿಯೂ ಬರೆಯಲಾಗದು.

ಮತ್ತೆರಡು ಅಂಶಗಳನ್ನು ನೆನಪಿಡಬೇಕು. ಮೋಟಾರ್ ಪೆಟ್ರೋಲ್ ಜಿಎಸ್‌ಟಿ ವ್ಯಾಪ್ತಿಯ ಹೊರಗಿದೆ; ಅದರ ಮೇಲೆ ತೆತ್ತ ಮಾರಾಟ ತೆರಿಗೆಗೆ ಹೂಡುವಳಿ ತೆರಿಗೆಯ ಜಮೆ ದೊರೆಯುವುದಿಲ್ಲ. ಕರ್ನಾಟಕದಲ್ಲಿ ಈ ತೆರಿಗೆಯನ್ನು 2024ರ ಜೂನ್‌ನಲ್ಲಿ ಶೇ. 25.92ರಿಂದ 29.84ಕ್ಕೆ ಏರಿಸಲಾಯಿತು. ಎರಡನೆಯದಾಗಿ, 1934ರ ಪೆಟ್ರೋಲಿಯಂ ಅಧಿನಿಯಮದಂತೆ ಮಾರಾಟಕ್ಕಲ್ಲದ ಪೆಟ್ರೋಲನ್ನು ಪರವಾನಗಿಯಿಲ್ಲದೆ ಇರಿಸಿಕೊಳ್ಳಬಹುದಾದ ಸಾಮಾನ್ಯ ಮಿತಿ 30 ಲೀಟರ್. ಮೇಲಿನ ಉದಾಹರಣೆಯ ವಿಮಾನಕ್ಕೆ ಅದು ಎರಡು ಗಂಟೆಗೂ ಸಾಲದು.

ಬಿಡದಿಯ ತಯಾರಕರಿಗೆ

ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ 1999ರ ಡಿಸೆಂಬರಿನಲ್ಲಿ ಉತ್ಪಾದನೆ ಆರಂಭವಾದಂದಿನಿಂದ ನಮ್ಮ ಭಾಗದ ಘಟಕಗಳು ನಿರ್ದಿಷ್ಟತೆಗೆ ತಕ್ಕಂತೆ ಸರಕು ಪೂರೈಸುವ ಶಿಸ್ತನ್ನು ಕಲಿತಿವೆ. ಇ-20 ಬಂದಾಗ ಕೊಳವೆ, ಸೀಲ್, ಗ್ಯಾಸ್ಕೆಟ್‌ಗಳ ರಬ್ಬರಿನ ಸಂಯೋಜನೆಯನ್ನೂ ಪರಿಶೀಲಿಸಬೇಕಾಗಿ ಬಂದಿತು. ಎಥನಾಲ್ ತಾಳುವ ಫ್ಲೋರೋಕಾರ್ಬನ್ ರಬ್ಬರಿನ ಸೀಲ್ ವಿಮಾನಕ್ಕೂ ಒಗ್ಗೀತು ಎಂದು ತಯಾರಕರಿಗೆ ಅನಿಸಬಹುದು. ಆದರೆ ಇಂಧನಕ್ಕೆ ಅನ್ವಯಿಸುವ ನಿಯಮವೇ ಬಿಡಿಭಾಗಕ್ಕೂ ಅನ್ವಯಿಸುತ್ತದೆ. ಕಾರಿಗೆ ಒಪ್ಪಿತವಾದುದು, ಗುಣದಲ್ಲಿ ಮೇಲಾಗಿದ್ದರೂ, ಮಾನ್ಯತೆಯ ದಾಖಲೆಯಿಲ್ಲದೆ ಮಾನ್ಯತೆ ಪಡೆದ ವಿಮಾನವನ್ನು ಸೇರುವಂತಿಲ್ಲ. ಆದ್ದರಿಂದ ಈ ಕ್ಷೇತ್ರ ಪ್ರವೇಶಿಸುವವರು ಯಂತ್ರೋಪಕರಣದ ಬಂಡವಾಳದ ಜೊತೆಗೆ ಪರೀಕ್ಷೆ, ಬ್ಯಾಚುವಾರು ದಾಖಲೆ ಮತ್ತು ಮಾನ್ಯತೆಯ ವೆಚ್ಚವನ್ನೂ ಯೋಜನಾ ವರದಿಯಲ್ಲಿ ಸೇರಿಸತಕ್ಕದ್ದು. ಅವುಗಳಿಲ್ಲದೆ ಹೇಳಿದ ಬೆಲೆ ನಷ್ಟದ ಬೆಲೆಯಾದೀತು.

ಒಟ್ಟಿನಲ್ಲಿ, ಬದಲಿ ವಸ್ತುವೊಂದು ಅಗ್ಗವಾಗಿ ಎದುರು ಬಂದಾಗ ಕೇಳಬೇಕಾದ ಪ್ರಶ್ನೆಗಳಿಗೆ ಒಂದು ಕ್ರಮವಿದೆ. ಮೊದಲು, ಇಂದು ದೊರೆಯುತ್ತಿರುವ ಈ ವಸ್ತುವನ್ನು ಈ ಬಳಕೆಗೆ ಯಾರು, ಯಾವ ದಾಖಲೆಯಲ್ಲಿ ಒಪ್ಪಿದ್ದಾರೆ? ಬಳಿಕ, ಆಯುಷ್ಯಪರ್ಯಂತ ಅದರ ವೆಚ್ಚವೆಷ್ಟು? ಕೊನೆಗೆ, ದರವೆಷ್ಟು? ಮೊದಲ ಪ್ರಶ್ನೆಗೆ ಉತ್ತರ ದೊರೆಯದಿದ್ದಲ್ಲಿ ಉಳಿದೆರಡನ್ನು ಲೆಕ್ಕ ಹಾಕುವ ಶ್ರಮ ವ್ಯರ್ಥ.